ಲುಸರ್ನ್‌ಗೆ ಹೋಗುವುದಾದರೆ ಮೂರು ರಾತ್ರಿ ಇಟ್ಟುಕೊಳ್ಳಿ, ಬೆಟ್ಟ ಯಾವ ದಿನ ಅನ್ನುವುದನ್ನು ಆಕಾಶಕ್ಕೆ ಬಿಡಿ

ಸ್ವಿಟ್ಜರ್ಲೆಂಡ್ ಟೂರ್ ಮುಗಿಸಿ ಬಂದ ನಮ್ಮ ಕಡೆಯವರನ್ನು ಲುಸರ್ನ್ ಹೇಗಿತ್ತು ಅಂತ ಕೇಳಿ ನೋಡಿ. "ಆ ಮರದ ಸೇತುವೆ ಊರು ಅಲ್ವಾ? ಬಸ್ ಒಂದೂವರೆ ಗಂಟೆ ನಿಲ್ಲಿಸಿದ್ದರು, ಫೋಟೊ ತೆಗೆದುಕೊಂಡು ಟಿಟ್ಲಿಸ್ ಬೆಟ್ಟಕ್ಕೆ ಹೊರಟುಬಿಟ್ಟೆವು" ಅನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಕೆರೆಯಷ್ಟು ಹತ್ತಿರ ಸರೋವರ, ಅದರ ದಡದಲ್ಲೇ ರೈಲ್ವೆ ಸ್ಟೇಷನ್, ಸ್ಟೇಷನ್ನಿನಿಂದ ಒಂದೆರಡು ನಿಮಿಷ ನಡೆದರೆ ದೋಣಿ ಕಟ್ಟೆ, ತಲೆ ಎತ್ತಿದರೆ ಬೆಟ್ಟ. ಇಷ್ಟೆಲ್ಲ ಒಂದೇ ಕಡೆ ಸಿಗುವ ಊರು ಯುರೋಪಿನಲ್ಲೂ ಕಡಿಮೆ. ಅದನ್ನು ಒಂದೂವರೆ ಗಂಟೆಯಲ್ಲಿ ಮುಗಿಸುವುದೇ?

ನಾನು ಮಾಡಿದ ತಪ್ಪು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಉಳಿದ ಸಲಹೆಯೆಲ್ಲ ಅದರಿಂದಲೇ ಹುಟ್ಟಿದ್ದು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋದ ಮೊದಲ ಸಲ, ಬೆಂಗಳೂರಿನಲ್ಲಿ ಕೂತುಕೊಂಡೇ ತಿಂಗಳ ಮುಂಚೆ ಪಿಲಾಟಸ್ ಬೆಟ್ಟದ ಟಿಕೆಟ್ ಒಂದು ತಾರೀಖಿಗೆ ತೆಗೆದುಬಿಟ್ಟಿದ್ದೆ. ಆ ದಿನ ಬೆಳಿಗ್ಗೆ ಎದ್ದರೆ ಬೆಟ್ಟವೇ ಇಲ್ಲ, ಬರೀ ಮೋಡ. ದುಡ್ಡು ಕೊಟ್ಟಾಗಿದೆಯಲ್ಲ ಅಂತ ಹತ್ತಿದೆವು. ಮೇಲೆ ಹತ್ತು ಅಡಿ ಆಚೆ ನಿಂತ ಅಪ್ಪ ಕಾಣಿಸುತ್ತಿರಲಿಲ್ಲ. ಅಮ್ಮ ಪಾಪ ಬೇಜಾರು ತೋರಿಸಿಕೊಳ್ಳದೆ "ನಮ್ಮ ಆಗುಂಬೆ ಥರಾನೇ ಇದೆ ಬಿಡೋ" ಅಂದರು. ಮರುದಿನ ಬೆಳಿಗ್ಗೆ ಊರು ಬಿಡುವ ರೈಲಿನಲ್ಲಿ ಕೂತಾಗ ಕಿಟಕಿಯಲ್ಲಿ ಇಡೀ ಪಿಲಾಟಸ್, ಒಂದು ತುಂಡು ಮೋಡ ಇಲ್ಲದೆ, ತೊಳೆದಿಟ್ಟ ಹಾಗೆ ನಿಂತಿತ್ತು. ಅವತ್ತೇ ತೀರ್ಮಾನ ಮಾಡಿದೆ. ಇಲ್ಲಿ ಕನಿಷ್ಠ ಮೂರು ರಾತ್ರಿ ಇರಬೇಕು, ಬೆಟ್ಟಕ್ಕೆ ದಿನ ಗೊತ್ತುಮಾಡಬಾರದು.

ಹಾಗಾದರೆ ಗೊತ್ತುಮಾಡುವುದು ಹೇಗೆ? ಸುಲಭ. ಪಿಲಾಟಸ್, ರಿಗಿ, ಟಿಟ್ಲಿಸ್ ಎಲ್ಲದರ ತುದಿಯಲ್ಲೂ ಕ್ಯಾಮೆರಾ ಇಟ್ಟಿದ್ದಾರೆ, ಅವುಗಳ ವೆಬ್‌ಸೈಟಿನಲ್ಲಿ ಆ ಹೊತ್ತಿನ ಚಿತ್ರ ಪುಕ್ಕಟೆ ಕಾಣಿಸುತ್ತದೆ. ಬೆಳಿಗ್ಗೆ ಕಾಫಿ ಕುಡಿಯುತ್ತ ಮೊದಲು ಅದನ್ನು ನೋಡಿ. ಊರಿನ ಆಕಾಶ ನೋಡಿ ಮೋಸ ಹೋಗಬೇಡಿ. ಎಷ್ಟೋ ಸಲ, ಅದರಲ್ಲೂ ಅಕ್ಟೋಬರ್ ನವೆಂಬರ್‌ನಲ್ಲಿ, ಊರಿನ ಮೇಲೆ ಬೂದಿ ಬಣ್ಣದ ಮಂಜು ಮುಚ್ಚಳ ಹಾಕಿದ ಹಾಗೆ ಕೂತಿರುತ್ತದೆ, ಮೇಲೆ ಹೋದರೆ ಚುರುಗುಟ್ಟುವ ಬಿಸಿಲು, ಕೆಳಗೆ ಹಾಲು ಉಕ್ಕಿದ ಹಾಗೆ ಮಂಜಿನ ಸಮುದ್ರ. ಇನ್ನು ಫ್ಯೋನ್ ಅಂತ ಒಂದು ಗಾಳಿ ಇದೆ, ಆಲ್ಪ್ಸ್ ದಾಟಿ ದಕ್ಷಿಣದಿಂದ ಇಳಿದು ಬರುವ ಬೆಚ್ಚನೆಯ ಒಣ ಗಾಳಿ. ಅದು ಬೀಸಿದ ದಿನ ಬೆಟ್ಟಗಳು ಕೈಗೆ ಸಿಗುವಷ್ಟು ಹತ್ತಿರ, ಸ್ಪಷ್ಟ. ಆದರೆ ಜೋರಾದರೆ ಕೇಬಲ್ ಕಾರು ನಿಲ್ಲಿಸಿಬಿಡುತ್ತಾರೆ. ಅದಕ್ಕೇ ಹೊರಡುವ ಮುಂಚೆ ಓಡುತ್ತಿದೆಯಾ ಅಂತಲೂ ನೋಡಿಕೊಳ್ಳಿ.

ತಲುಪುವುದರ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. ಜ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲ್ವೆ ಸ್ಟೇಷನ್ ಇದೆ, ಲುಸರ್ನ್‌ಗೆ ನೇರ ರೈಲು ಸಿಗುತ್ತದೆ, ಒಂದು ಗಂಟೆ ಚಿಲ್ಲರೆ. ಸೀಟು ರಿಸರ್ವೇಶನ್ ಬೇಡ, ಟಿಕೆಟ್ ಇದ್ದರೆ ಯಾವ ಬೋಗಿಗಾದರೂ ಹತ್ತಿ, ಎರಡನೇ ಕ್ಲಾಸೇ ಸಾಕು, ನಮ್ಮ ಚೇರ್ ಕಾರ್‌ಗಿಂತ ಆರಾಮ. ಬೋರ್ಡಿನಲ್ಲಿ ಊರಿನ ಹೆಸರು ಜರ್ಮನ್ ಕಾಗುಣಿತದಲ್ಲಿರುತ್ತದೆ, ಬಾಯಲ್ಲಿ "ಲುತ್ಸೆರ್ನ್" ಅನ್ನುತ್ತಾರೆ, ಗಲಿಬಿಲಿ ಆಗಬೇಡಿ. ದುಡ್ಡು ಇಲ್ಲಿ ಯೂರೋ ಅಲ್ಲ, ಸ್ವಿಸ್ ಫ್ರಾಂಕ್. ವೀಸಾ ಮಾತ್ರ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾ, ಅದಕ್ಕೆ 30,000 ಯೂರೋ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್ ಬೇಕು.

ದುಡ್ಡು ಉಳಿಯುವುದೂ ಹೋಗುವುದೂ ಪಾಸಿನಲ್ಲಿ, ಹಾಗಾಗಿ ಇದನ್ನು ನಿಧಾನವಾಗಿ ಓದಿ. ಎಲ್ಲರೂ ಕಣ್ಣುಮುಚ್ಚಿ ಸ್ವಿಸ್ ಟ್ರಾವೆಲ್ ಪಾಸ್ ತೆಗೆಯುತ್ತಾರೆ. ಇಡೀ ದೇಶ ಸುತ್ತುವುದಾದರೆ ಅದು ಸರಿ. ರೈಲು, ಬಸ್ಸು, ಸರೋವರದ ದೋಣಿ ಎಲ್ಲ ಅದರಲ್ಲೇ ಬರುತ್ತದೆ, ರಿಗಿ ಬೆಟ್ಟವೂ ಪೂರ್ತಿ ಸೇರಿದೆ. ಆದರೆ ಪಿಲಾಟಸ್, ಟಿಟ್ಲಿಸ್‌ಗೆ ಅರ್ಧ ದುಡ್ಡು ಕೈಯಿಂದ ಕೊಡಬೇಕು. ನೀವು ಲುಸರ್ನ್‌ನಲ್ಲೇ ಮೂರು ನಾಲ್ಕು ದಿನ ಕೂತು ಸುತ್ತಮುತ್ತಲೇ ನೋಡುವುದಾದರೆ ಟೆಲ್ ಪಾಸ್ ಅಂತ ಬೇರೆ ಒಂದಿದೆ, ಅದು ಈ ಪ್ರಾಂತ್ಯಕ್ಕೆ ಮಾತ್ರ. ಅದರಲ್ಲಿ ದೋಣಿಗಳೂ ಸೇರಿವೆ, ರಿಗಿ, ಪಿಲಾಟಸ್, ಟಿಟ್ಲಿಸ್, ಷ್ಟಾನ್ಸರ್‌ಹಾರ್ನ್ ಬೆಟ್ಟಗಳೂ ಸೇರಿವೆ. ಎರಡು ದೊಡ್ಡ ಬೆಟ್ಟ ಹತ್ತುವ ಯೋಚನೆ ಇದ್ದರೆ ಲೆಕ್ಕ ಹಾಕಿ ನೋಡಿ, ಟೆಲ್ ಪಾಸ್ ಕಡೆಗೇ ತಕ್ಕಡಿ ವಾಲುತ್ತದೆ. ಜ್ಯೂರಿಕ್‌ನಿಂದ ಬರುವ ರೈಲು ಮಾತ್ರ ಅದರಲ್ಲಿ ಬರುವುದಿಲ್ಲ, ಆ ಟಿಕೆಟ್ ಬೇರೆ. ಪಾಸ್ ಕೈಯಲ್ಲಿದ್ದರೆ ಇನ್ನೊಂದು ನೆಮ್ಮದಿ: ಮೋಡ ಬಂದರೆ ಬೆಟ್ಟ ಬಿಟ್ಟು ದೋಣಿ ಹತ್ತಬಹುದು, ತಾರೀಖಿನ ಟಿಕೆಟ್ ಸುಟ್ಟುಹೋಗುವ ಭಯ ಇಲ್ಲ. ಸ್ವಿಸ್ ಟ್ರಾವೆಲ್ ಪಾಸ್ ತೆಗೆಯುವವರು ಮಕ್ಕಳಿದ್ದರೆ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಿರಿ, ಅಪ್ಪನೋ ಅಮ್ಮನೋ ಜೊತೆಗಿದ್ದರೆ 16 ತುಂಬದ ಮಕ್ಕಳಿಗೆ ಪುಕ್ಕಟೆ. ಊರೊಳಗಿನ ಬಸ್ಸಿಗೆ ಟಿಕೆಟ್ ತೆಗೆಯಲೇಬೇಡಿ. ಹೋಟೆಲ್‌ನಲ್ಲಿ ರಾತ್ರಿ ಉಳಿದವರಿಗೆ ವಿಸಿಟರ್ ಕಾರ್ಡ್ ಕೊಡುತ್ತಾರೆ, ಅದರಲ್ಲೇ ಊರಿನ ಬಸ್ಸೆಲ್ಲ ಬರುತ್ತದೆ. ಅವರು ಕೊಡಲು ಮರೆತರೆ ನೀವೇ ಕೇಳಿ.

ಮೊದಲ ದಿನ ಊರು ನಡೆಯಿರಿ. ಬಸ್ಸೂ ಬೇಡ, ಗೈಡೂ ಬೇಡ. ಸ್ಟೇಷನ್ನಿನಿಂದ ಹೊರಗೆ ಬಂದ ತಕ್ಷಣ ಎದುರಿಗೆ ಒಂಟಿಯಾಗಿ ಒಂದು ದೊಡ್ಡ ಕಲ್ಲಿನ ಕಮಾನು ನಿಂತಿದೆ. ಹಳೆಯ ಸ್ಟೇಷನ್ 1971ರಲ್ಲಿ ಬೆಂಕಿಗೆ ಸುಟ್ಟುಹೋಯಿತು, ಉಳಿದದ್ದು ಆ ಬಾಗಿಲು. ಅದನ್ನು ದಾಟಿ ಎಡಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ರಾಯ್ಸ್ ನದಿ, ಸರೋವರದಿಂದ ಅದು ಹೊರಗೆ ಹರಿಯುವ ಬಾಯಿಯಲ್ಲೇ ಆ ಪ್ರಸಿದ್ಧ ಮರದ ಸೇತುವೆ, ಕಪೆಲ್‌ಬ್ರೂಕೆ. 14ನೇ ಶತಮಾನದ್ದು, ಸುಮಾರು 200 ಮೀಟರ್ ಉದ್ದ, ಮೇಲೆ ಹೆಂಚಿನ ಮಾಡು. ಎಲ್ಲರೂ ಸೇತುವೆಯ ಫೋಟೊ ಹೊರಗಿನಿಂದ ತೆಗೆಯುತ್ತಾರೆ. ನೀವು ಒಳಗೆ ನಡೆಯುತ್ತ ತಲೆ ಎತ್ತಿ. ಮಾಡಿನ ಕೆಳಗೆ, ಸಾಲಾಗಿ, ತ್ರಿಕೋನದ ಹಲಗೆಗಳ ಮೇಲೆ 17ನೇ ಶತಮಾನದ ಚಿತ್ರಗಳಿವೆ. ನಡುವೆ ಒಂದು ಕಡೆ ಚಿತ್ರಗಳು ನಿಂತುಹೋಗುತ್ತವೆ, ಖಾಲಿ ಜಾಗ. 1993ರ ಆಗಸ್ಟ್ 17-18ರ ನಡುವಿನ ರಾತ್ರಿ ಈ ಸೇತುವೆಗೆ ಬೆಂಕಿ ಬಿದ್ದು ನಡುಭಾಗವೆಲ್ಲ ಸುಟ್ಟಿತು, ಹೆಚ್ಚಿನ ಚಿತ್ರಗಳೂ ಹೋದವು. ಎಂಟೇ ತಿಂಗಳಲ್ಲಿ ಸೇತುವೆಯನ್ನು ಮತ್ತೆ ಕಟ್ಟಿ ಮುಗಿಸಿದರು. ಹಳೆಯ ಕಪ್ಪು ತೊಲೆ ಮುಗಿದು ಹೊಸ ಮರ ಶುರುವಾಗುವ ಜಾಗವನ್ನು ಹುಡುಕಿ, ಕೈಯಿಂದ ಮುಟ್ಟಿ ನೋಡಿ. ಅಪ್ಪ ಅಲ್ಲೇ ಹತ್ತು ನಿಮಿಷ ನಿಂತಿದ್ದರು.

ಅಲ್ಲಿಂದ ನದಿಯ ಜೊತೆಗೇ ಕೆಳಗೆ ನಡೆದರೆ ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ವಸ್ತು ಇದೆ, ನನಗೆ ಇಡೀ ಊರಲ್ಲಿ ಅದೇ ಇಷ್ಟ. ನದಿಗೆ ಅಡ್ಡಲಾಗಿ ಮರದ ಉದ್ದನೆಯ ಪಟ್ಟಿಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿರುವ ಅಣೆಕಟ್ಟು. ಸೂಜಿ ಅಣೆ ಅನ್ನುವುದು ಅದರ ಹೆಸರಿನ ಅರ್ಥ. ಸರೋವರದಲ್ಲಿ ನೀರು ಏರಿದರೆ ಒಂದಿಷ್ಟು ಸೂಜಿ ಕೀಳುತ್ತಾರೆ, ಇಳಿದರೆ ಮತ್ತೆ ನಿಲ್ಲಿಸುತ್ತಾರೆ, ಅದೂ ಕೈಯಿಂದಲೇ. 19ನೇ ಶತಮಾನದಿಂದ ಇದೇ ಪದ್ಧತಿ. ನೀರು ಆ ಸಂದುಗಳಲ್ಲಿ ಹಸಿರಾಗಿ ನುಗ್ಗುವ ಸದ್ದು ಕೇಳುತ್ತ ನಿಂತರೆ ನಮ್ಮ ಕಡೆ ಕಾಲುವೆಗೆ ಹಲಗೆ ಹಾಕಿ ನೀರು ತಿರುಗಿಸುವುದು ನೆನಪಾಗುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಮರದ ಸೇತುವೆ, ಷ್ಪ್ರಾಯರ್‌ಬ್ರೂಕೆ. ಷ್ಪ್ರಾಯ್ ಅಂದರೆ ಹೊಟ್ಟು. ಹಿಂದೆ ಹೊಟ್ಟನ್ನು ನದಿಗೆ ಸುರಿಯಲು ಈ ಒಂದು ಸೇತುವೆಯಿಂದ ಮಾತ್ರ ಬಿಡುತ್ತಿದ್ದರಂತೆ. ಇದರ ಮಾಡಿನಲ್ಲೂ ಚಿತ್ರಗಳಿವೆ, ಎಲ್ಲದರಲ್ಲೂ ಸಾವು ಅಸ್ಥಿಪಂಜರವಾಗಿ ಬಂದು ರಾಜ, ವ್ಯಾಪಾರಿ, ಮದುಮಗಳು ಅಂತ ನೋಡದೆ ಕೈ ಹಿಡಿದು ಕರೆಯುತ್ತದೆ. ಸಣ್ಣ ಮಕ್ಕಳು ಹೆದರಬಹುದು, ಮುಂಚೆಯೇ ಹೇಳಿ ಕರೆದುಕೊಂಡು ಹೋಗಿ.

ಸೇತುವೆ ದಾಟಿ ಗುಡ್ಡ ಹತ್ತಿದರೆ ಮ್ಯೂಸೆಗ್ ಕೋಟೆ ಗೋಡೆ, ಒಂಬತ್ತು ಗೋಪುರ. ಕೆಲವು ಗೋಪುರಗಳ ಒಳಗೆ ಹತ್ತಬಹುದು, ಪುಕ್ಕಟೆ, ಆದರೆ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಮೆಟ್ಟಿಲು ಕಡಿದು, ಮೊಣಕಾಲು ನೋವಿದ್ದವರು ಕೆಳಗೇ ಕೂರಲಿ. ಗಡಿಯಾರದ ಗೋಪುರ ಬಿಡಬೇಡಿ. ಅದರ ಗಡಿಯಾರ 1535ರದ್ದು, ಊರಿಗೆಲ್ಲ ಹಿರಿದು. ಆ ಹಿರಿತನಕ್ಕೆ ಮರ್ಯಾದೆ ಅಂತ ಉಳಿದ ಗಡಿಯಾರಗಳಿಗಿಂತ ಒಂದು ನಿಮಿಷ ಮುಂಚೆ ಗಂಟೆ ಹೊಡೆಯುವ ಹಕ್ಕು ಅದಕ್ಕಿದೆ. ಹನ್ನೆರಡು ಹೊಡೆಯುವ ಹೊತ್ತಿಗೆ ಅಲ್ಲಿರುವ ಹಾಗೆ ಹೊರಡಿ. ಮೊದಲು ತಲೆಯ ಮೇಲೆ ಇದು, ಆಮೇಲೆ ಕೆಳಗಿನ ಊರಿನ ಗಂಟೆಗಳೆಲ್ಲ ಒಂದೊಂದಾಗಿ.

ಇನ್ನು ಸಿಂಹ. ಬಂಡೆಯಲ್ಲಿ ಕೆತ್ತಿದ ಸಾಯುತ್ತಿರುವ ಸಿಂಹ, ಹತ್ತು ಮೀಟರ್ ಉದ್ದ, ಮುಂದೆ ಸಣ್ಣ ಕೊಳ. 1792ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸ್ ರಾಜನ ಕಾವಲಿಗಿದ್ದು ಸತ್ತ ನೂರಾರು ಸ್ವಿಸ್ ಸೈನಿಕರ ನೆನಪಿಗೆ 1821ರಲ್ಲಿ ಮುಗಿಸಿದ್ದು, ವಿನ್ಯಾಸ ಡೆನ್ಮಾರ್ಕಿನ ಶಿಲ್ಪಿ ಥೋರ್‌ವಾಲ್ಡ್‌ಸೆನ್ ಅವರದು. ಬೆನ್ನಿನಲ್ಲಿ ಮುರಿದ ಈಟಿ ಹಾಗೇ ಇದೆ. ಟೂರ್ ಬಸ್ಸುಗಳು ಬರುವ ಹಗಲು ಹೊತ್ತಿನಲ್ಲಿ ಹೋದರೆ ಸೆಲ್ಫಿ ಕೋಲುಗಳೇ ಕಾಣಿಸುವುದು. ಬೆಳಿಗ್ಗೆ ಎಂಟರ ಒಳಗೆ ಹೋಗಿ.

ಬೆಟ್ಟಕ್ಕೆ ಬರೋಣ. ಮೂರರಲ್ಲಿ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಹಿಮ ತುಳಿಯಲೇಬೇಕು ಅನ್ನುವವರಿಗೆ ಟಿಟ್ಲಿಸ್, ಅಲ್ಲಿ 3,000 ಮೀಟರ್‌ವರೆಗೆ ಕೇಬಲ್ ಕಾರು ಒಯ್ಯುತ್ತದೆ, ಬೇಸಿಗೆಯಲ್ಲೂ ಹಿಮ ಇರುತ್ತದೆ. ಆದರೆ ಅಷ್ಟು ಎತ್ತರಕ್ಕೆ ಒಂದೇ ಏಟಿಗೆ ಹೋದರೆ ವಯಸ್ಸಾದವರಿಗೆ ಏದುಸಿರು ಬರುತ್ತದೆ. ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಬೇಡ. ಅಪ್ಪ ಅಮ್ಮ ಜೊತೆಗಿದ್ದರೆ ನನ್ನ ಮತ ರಿಗಿಗೆ. ಎತ್ತರ 1,800 ಮೀಟರ್‌ಗೆ ಸ್ವಲ್ಪ ಕಡಿಮೆ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ತಗ್ಗು. ಲುಸರ್ನ್‌ನಿಂದ ದೋಣಿಯಲ್ಲಿ ಒಂದು ಗಂಟೆ, ಫಿಟ್ಸ್‌ನೌ ಕಟ್ಟೆಯಲ್ಲಿ ಇಳಿದರೆ ಎದುರಿಗೇ ಕೆಂಪು ರೈಲು ಕಾಯುತ್ತಿರುತ್ತದೆ. 1871ರಲ್ಲಿ ಶುರುವಾದ ಈ ರೈಲು ಯುರೋಪಿನ ಮೊದಲ ಬೆಟ್ಟದ ರೈಲು. ಅರ್ಧ ಗಂಟೆಯಲ್ಲಿ ತುದಿ. ಇಳಿಯುವಾಗ ನಡುದಾರಿಯಲ್ಲಿ ಕಾಲ್ಟ್‌ಬಾಡ್‌ನಲ್ಲಿ ಇಳಿದು ಕೇಬಲ್ ಕಾರಿನಲ್ಲಿ ವೆಗ್ಗಿಸ್‌ಗೆ ಬನ್ನಿ, ಅಲ್ಲಿಂದ ಮತ್ತೆ ದೋಣಿ.

ಪಿಲಾಟಸ್ ಬೇರೆಯೇ ಅನುಭವ, ಕಲ್ಲು, ಕೊರಕಲು, ಕಡಿದು. ಸರೋವರದ ದಡದ ಅಲ್ಪ್‌ನಾಕ್‌ಸ್ಟಾಡ್‌ನಿಂದ ಹತ್ತುವ ರೈಲು 1889ರಿಂದ ಓಡುತ್ತಿದೆ, ಹಲ್ಲುಗಾಲಿಯ ರೈಲುಗಳಲ್ಲಿ ಪ್ರಪಂಚದಲ್ಲೇ ಅತಿ ಕಡಿದು, ನೂರು ಮೀಟರ್ ಮುಂದೆ ಹೋದರೆ 48 ಮೀಟರ್ ಮೇಲೆ. ಹತ್ತುವ ಮುಂಚೆ ಹಳಿಯ ನಡುವೆ ಬಗ್ಗಿ ನೋಡಿ. ಮಾಮೂಲಿ ಹಲ್ಲುಗಾಲಿ ಮೇಲಿನಿಂದ ಕೆಳಗೆ ಕಚ್ಚಿಕೊಳ್ಳುತ್ತದೆ. ಇಷ್ಟು ಕಡಿದಾದ ಕಡೆ ಅದು ಹಲ್ಲಿನಿಂದ ಮೇಲೆದ್ದು ಜಾರಿಬಿಡಬಹುದು. ಅದಕ್ಕೆ ಎಡುವರ್ಡ್ ಲೋಕರ್ ಅನ್ನುವ ಎಂಜಿನಿಯರ್ ಎರಡು ಗಾಲಿಗಳನ್ನು ಮಲಗಿಸಿ, ಹಲ್ಲಿನ ಪಟ್ಟಿಯನ್ನು ಎರಡೂ ಪಕ್ಕದಿಂದ ಇಕ್ಕಳದ ಹಾಗೆ ಹಿಡಿಯುವಂತೆ ಮಾಡಿದರು. ಮೇಲೆ ಹೋದ ಮೇಲೆ ಇನ್ನೊಂದು ಪಕ್ಕದಿಂದ ಕೇಬಲ್ ಕಾರಿನಲ್ಲಿ ಕ್ರೀನ್ಸ್‌ಗೆ ಇಳಿಯಿರಿ, ಅಲ್ಲಿಂದ 1ನೇ ನಂಬರ್ ಬಸ್ಸು ಸೀದಾ ಊರಿಗೆ. ಹೋಗುವಾಗ ದೋಣಿ, ಆಮೇಲೆ ರೈಲು, ಇಳಿಯಲು ಕೇಬಲ್ ಕಾರು, ಕೊನೆಗೆ ಬಸ್ಸು. ಈ ಸುತ್ತನ್ನು ಈ ಕ್ರಮದಲ್ಲೇ ಮಾಡಿ. ಕಡಿದಾದ ರೈಲನ್ನು ಹತ್ತುವಾಗ ಕೂತರೇ ಚೆಂದ. ಚಳಿಗಾಲದಲ್ಲಿ ಆ ರೈಲು ನಿಲ್ಲುತ್ತದೆ, ಕೇಬಲ್ ಕಾರು ಮಾತ್ರ.

ಮೋಡದ ದಿನ ಸುಮ್ನೆ ರೂಮಿನಲ್ಲಿ ಕೂರಬೇಡಿ, ಅದು ಸರೋವರದ ದಿನ. ಈ ಸರೋವರ ಒಂದೇ ತಟ್ಟೆಯ ಹಾಗಿಲ್ಲ, ಕೈಕಾಲು ಚಾಚಿದ ಹಾಗೆ ಬೆಟ್ಟಗಳ ಸಂದಿಯಲ್ಲಿ ಹೊಕ್ಕಿದೆ, ಪ್ರತಿ ತಿರುವಿಗೂ ಹೊಸ ನೀರು. ಐದು ಹಳೆಯ ಉಗಿ ದೋಣಿಗಳಿವೆ, ಪಕ್ಕದಲ್ಲಿ ದೊಡ್ಡ ಗಾಲಿ ತಿರುಗುವಂಥವು, ಎಲ್ಲಕ್ಕೂ ಹಳೆಯದು 1901ರ ಊರಿ. ವೇಳಾಪಟ್ಟಿಯಲ್ಲಿ ಯಾವ ಟ್ರಿಪ್ ಉಗಿ ದೋಣಿ ಅಂತ ಗುರುತು ಹಾಕಿರುತ್ತಾರೆ, ಅದನ್ನೇ ಹಿಡಿಯಿರಿ. ಮೇಲಿನ ಅಂತಸ್ತು ಫಸ್ಟ್ ಕ್ಲಾಸ್. ಎರಡನೇ ಕ್ಲಾಸಿನವರು ಕೆಳಗೆ ಅಂತ ಬೇಸರ ಬೇಡ, ಎಂಜಿನ್ ಇರುವುದು ಅಲ್ಲೇ. ನಡುವೆ ತೆರೆದ ಜಾಗದಲ್ಲಿ ಕಂಬಿಗೆ ಆತು ನಿಂತರೆ ಕೆಳಗೆ ತೊಡೆ ಗಾತ್ರದ ಉಕ್ಕಿನ ದಂಡಗಳು ಮಿರಿಮಿರಿ ಹೊಳೆಯುತ್ತ ಹಿಂದೆ ಮುಂದೆ ಆಡುತ್ತಿರುತ್ತವೆ, ಬಿಸಿ ಎಣ್ಣೆಯ ವಾಸನೆ ಮುಖಕ್ಕೆ ಬಡಿಯುತ್ತದೆ. ಸರೋವರದ ಆ ತುದಿಯ ಫ್ಲ್ಯೂಲೆನ್‌ವರೆಗೆ ಹೋದರೆ ಸುಮಾರು ಮೂರು ಗಂಟೆ, ವಾಪಸ್ಸು ರೈಲಿನಲ್ಲಿ ಒಂದು ಗಂಟೆ. ಮಳೆ ಜೋರಾಗಿ ಹಿಡಿದರೆ, ಮಕ್ಕಳಿದ್ದರೆ, ಸಾರಿಗೆ ಮ್ಯೂಸಿಯಂಗೆ ಹೋಗಿ. ರೈಲು ಎಂಜಿನ್, ವಿಮಾನ ಎಲ್ಲ ನಿಜವಾದವೇ ನಿಲ್ಲಿಸಿದ್ದಾರೆ, ಒಂದು ಪೂರ್ತಿ ದಿನ ಬೇಕು.

ಊಟದ ವಿಷಯ. ಹೋಟೆಲ್ ಊಟ ದುಬಾರಿ, ಇದರಲ್ಲಿ ಮುಚ್ಚುಮರೆ ಇಲ್ಲ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತೆಗೆದುಕೊಳ್ಳಿ. ಮನೆಯಿಂದ ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ತನ್ನಿ. ತುಪ್ಪದ ಡಬ್ಬಿ, ಖೋವಾ ತರಬೇಡಿ, ಭಾರತದಿಂದ ಹಾಲಿನ ಪದಾರ್ಥ, ಮಾಂಸ ತರಲು ಬಿಡುವುದಿಲ್ಲ. ಅಕ್ಕಿ, ತರಕಾರಿ, ಹಾಲು ಮಿಗ್ರೋಸ್, ಕೋಪ್ ಅಂಗಡಿಗಳಲ್ಲಿ ಸಿಗುತ್ತದೆ. ಮೊಸರು ಕೊಳ್ಳುವಾಗ ಡಬ್ಬಿಯ ಮೇಲೆ "ನಾಟೂರ್" ಅಂತ ಇದೆಯಾ ನೋಡಿ, ಇಲ್ಲದಿದ್ದರೆ ಸ್ಟ್ರಾಬೆರಿ ಮೊಸರನ್ನ ಆಗುತ್ತದೆ. ಅಮ್ಮ ಬೆಳಿಗ್ಗೆಯೇ ಮೊಸರನ್ನ ಕಲೆಸಿ ಡಬ್ಬಿಗೆ ಹಾಕುತ್ತಿದ್ದರು, ಮಧ್ಯಾಹ್ನ ಸರೋವರದ ಬೆಂಚಿನ ಮೇಲೆ ಕೂತು ಮಾವಿನಕಾಯಿ ಉಪ್ಪಿನಕಾಯಿ ಜೊತೆ ತಿನ್ನುತ್ತಿದ್ದೆವು. ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕುತ್ತವೆ, ಸ್ಟೇಷನ್ ಒಳಗಿನವು ಮಾತ್ರ ತೆರೆದಿರುತ್ತವೆ, ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ. ನೀರಿನ ಬಾಟಲಿಗೆ ದುಡ್ಡು ಕೊಡಬೇಡಿ, ಬೀದಿ ಕಾರಂಜಿಗಳ ನೀರು ಕುಡಿಯಬಹುದು, ಕುಡಿಯಬಾರದ ಕಡೆ ಬೋರ್ಡ್ ಇರುತ್ತದೆ.

ಹೊರಗೆ ತಿನ್ನುವ ಸಸ್ಯಾಹಾರಿಗಳು ಒಂದು ಪದ ಕಲಿತಿರಿ: "ಷ್ಪೆಕ್". ಹಂದಿ ಮಾಂಸದ ಚೂರು. ಆಲೂಗಡ್ಡೆ ರೋಸ್ತಿಯಲ್ಲೂ, ಮ್ಯಾಕರೋನಿ, ಆಲೂ, ಚೀಸ್ ಹಾಕಿ ಸೇಬಿನ ಗೊಜ್ಜಿನ ಜೊತೆ ಕೊಡುವ ಎಲ್ಪ್ಲರ್‌ಮಾಗ್ರೋನೆನ್‌ನಲ್ಲೂ ಅದನ್ನು ಸೇರಿಸುವುದುಂಟು. "ಓನೆ ಷ್ಪೆಕ್" ಅಂದರೆ ಅದು ಇಲ್ಲದೆ ಅಂತ. ಇನ್ನೂ ಕಟ್ಟುನಿಟ್ಟಿನವರಿಗೆ ಒಂದು ಮಾತು, ಗ್ರೂಯೇರ್‌ನಂಥ ಸಾಂಪ್ರದಾಯಿಕ ಚೀಸ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಗೊತ್ತಿದ್ದು ತಿನ್ನುವುದು, ಬಿಡುವುದು ನಿಮಗೆ ಸೇರಿದ್ದು.

ಚೀಲಕ್ಕೆ ಇನ್ನೆರಡು. ಜೂನ್‌ನಲ್ಲೂ ಒಂದು ಸ್ವೆಟರ್, ಒಂದು ಮಳೆ ಕೋಟು ಇರಲಿ, ಬೇಸಿಗೆಯಲ್ಲೇ ಇಲ್ಲಿ ಮಳೆ ಜಾಸ್ತಿ. ಚಾರ್ಜರಿನ ಎರಡು ಸಣ್ಣ ಕಡ್ಡಿಯ ಪಿನ್ ಇಲ್ಲಿನ ಸಾಕೆಟ್ಟಿಗೆ ಕೂರುತ್ತದೆ, ನಮ್ಮ ದಪ್ಪ ಮೂರು ಪಿನ್ ಕೂರುವುದಿಲ್ಲ, ಅದಕ್ಕೆ ಅಡಾಪ್ಟರ್ ಬೇಕು. ಜುಲೈ ಆಗಸ್ಟ್‌ನಲ್ಲಿ ಹೋಗುವವರು ಈಜುವ ಬಟ್ಟೆಯನ್ನೂ ಹಾಕಿಕೊಳ್ಳಿ. ಸ್ಟೇಷನ್ನಿನಿಂದ ನಡೆದೇ ಹೋಗುವಷ್ಟು ದೂರದಲ್ಲಿ ಊಫ್‌ಷೋಟಿ ಅಂತ ಹುಲ್ಲಿನ ದಡ ಇದೆ, ದುಡ್ಡಿಲ್ಲ, ಸಂಜೆ ಆಫೀಸು ಬಿಟ್ಟ ಊರಿನವರೆಲ್ಲ ಅಲ್ಲೇ ನೀರಿಗಿಳಿಯುತ್ತಾರೆ. ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಎರಡನೇ ಸಲ ಹೋದಾಗ ಮೂರನೇ ದಿನ ಪಿಲಾಟಸ್ ತೆರೆದುಕೊಂಡಿತ್ತು, ಹತ್ತಿ ಇಳಿದು ಸಂಜೆ ಈ ದಡಕ್ಕೆ ಬಂದೆವು. ಅಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತು, ಮಧ್ಯಾಹ್ನ ತಾವು ನಿಂತಿದ್ದ ತುದಿ ಯಾವುದು ಅಂತ ಅಪ್ಪನಿಗೆ ಬೆರಳು ಮಾಡಿ ತೋರಿಸುತ್ತಿದ್ದರು.